ಕರಿಯ ತಾಯಂದಿರ ಹೆಸರಿನ ಸ್ತೋತ್ರ

ಅಮೇರಿಕದಿಂದ ಹೊರಟ ಆ ಲಕೋಟೆ ಯಾವ ದಿನಕ್ಕೆಂದು ಕಳಿಸಿದ್ದರೋ ಆ ದಿನ ಮುಗಿದು ಐದು ತಿಂಗಳಾದ ಮೇಲೆ ಕೊಲ್ಹಾಪುರಕ್ಕೆ ಬಂದು ಮುಟ್ಟಿತು. ಯುದ್ಧದ ಕಾಲ. ಹಡಗುಗಳು ಯಾವ ದಾರಿ ಹಿಡಿಯುತ್ತಿದ್ದವೋ, ಯಾವ ಬಂದರಿನಲ್ಲಿ ಎಷ್ಟು ದಿನ ನಿಲ್ಲುತ್ತಿದ್ದವೋ ಯಾರಿಗೂ ತಿಳಿಯದು. ಚಳಿಗಾಲದ ಹೆಂಗಸರ ಪ್ರಾರ್ಥನೆಯ ದಿನಕ್ಕೆಂದು ಕಳಿಸಿದ್ದು ಆಷಾಢದ ಮಳೆಯಲ್ಲಿ ಬಂತು. ನಮ್ಮ ಮಿಸ್‌ಬಾಯಿ, ಅಂದರೆ ನಾನಿದ್ದ ಮಿಶನ್ ಬೋರ್ಡಿಂಗಿನ ಅಮೇರಿಕದ ಮೇಡಂ, ಅದನ್ನು ನನ್ನ ಮೂಗಿನ ಹತ್ತಿರ ಹಿಡಿದು, ಸಮುದ್ರದ ವಾಸನೆ ಬರುತ್ತದೆಯೇ ನೋಡು ಎಂದು ಮರಾಠಿಯಲ್ಲಿ ಹೇಳಿದರು. ನನಗೆ ಬೂಷ್ಟು ಹಿಡಿದ ಕಾಗದದ ವಾಸನೆಯಷ್ಟೇ ಬಂತು. ಆದರೂ ಹೌದು ಹೌದು ಎಂದೆ.

ಒಳಗಿದ್ದುದು ಎಂಟು ಪುಟದ ಪುಸ್ತಿಕೆ. ಅಲ್ಲಿಯ ಕರಿಯರ ಕ್ರೈಸ್ತ ಸಭೆಯೊಂದರ ಹೆಂಗಸರು ತಮ್ಮ ಉಪಾಸನೆಗೆಂದು ತಾವೇ ಬರೆದು ಅಚ್ಚು ಹಾಕಿಸಿದ್ದು. ಮಿಸ್‌ಬಾಯಿಯ ಗೆಳತಿಯೊಬ್ಬರು ಕಳಿಸಿದ್ದರು. ಮುಖಪುಟದ ಮೇಲೆ ಒಬ್ಬ ಹೆಂಗಸಿನ ಚಿತ್ರವಿತ್ತು. ತಲೆಗೆ ಬಟ್ಟೆ ಕಟ್ಟಿದ್ದಾಳೆ, ಅಂಗಿಯ ತೋಳು ಮೊಳಕೈತನಕ ಮಡಚಿದ್ದಾಳೆ, ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದಾಳೆ. ನಮ್ಮ ಓಣಿಯ ಯಾವ ಮನೆಯ ಬಾಗಿಲಲ್ಲಿ ನಿಂತರೂ ಯಾರೂ ಅವಳನ್ನು "ಯಾವ ಊರು" ಎಂದು ಕೇಳುತ್ತಿರಲಿಲ್ಲ, ಅಂಥ ಮುಖ, ಅಂಥ ಬಣ್ಣ.

ಪುಸ್ತಿಕೆಯಲ್ಲಿ ಮೂವರು ಕರಿಯ ತಾಯಂದಿರ ಬಾಳು ಇತ್ತು. ಅವರ ಹೆಸರುಗಳೂ ಇದ್ದವು. ಇಲ್ಲಿ ಯಾರ ಹೆಸರನ್ನೂ ನಾನು ಬರೆಯುತ್ತಿಲ್ಲ, ನಮ್ಮವರದನ್ನೂ ಬರೆಯುತ್ತಿಲ್ಲ. ಒಬ್ಬೊಬ್ಬಳು ಒಂದೊಂದು ಬಾಳನ್ನು ಓದಬೇಕು, ಓದಿದ ಮೇಲೆ ಸಭೆಯೆಲ್ಲ ಒಟ್ಟಿಗೆ "ಕರ್ತನೇ, ಈಕೆಗಾಗಿ ನಿನಗೆ ಸ್ತೋತ್ರ" ಎನ್ನಬೇಕು. ಕೊನೆಯ ಪುಟದಲ್ಲಿ ಐದಾರು ಸಾಲು ಖಾಲಿ ಬಿಟ್ಟಿದ್ದರು. ನಿಮ್ಮ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಹೆಜ್ಜೆ ಇಟ್ಟ ತಾಯಿ ಯಾರು, ಅವಳ ವಿಷಯ ಇಲ್ಲಿ ಬರೆದು ಓದಿರಿ ಎಂದು ಅದರ ಮೇಲೆ ಅಚ್ಚಾಗಿತ್ತು.

ನನಗಾಗ ಹದಿನೇಳು. ಮಾಸ್ತರಿಕೆಯ ತರಬೇತಿ ಮುಗಿಯುತ್ತ ಬಂದಿತ್ತು, ನನಗಿಂತ ಜಾಣೆ ಕೊಲ್ಹಾಪುರದಲ್ಲಿಲ್ಲ ಎಂಬ ಕೊಬ್ಬೂ ಇತ್ತು. ಮಿಸ್‌ಬಾಯಿ ಒಂದೊಂದು ಸಾಲಿನ ಅರ್ಥ ಹೇಳಿದರು, ನಾನು ಮರಾಠಿಗೆ ತಂದೆ. ಕೊಲ್ಹಾಪುರದ ಸಭೆಯಲ್ಲಿ ಶ್ರಾವಣದಲ್ಲಿ ಅದನ್ನು ಓದಿದರು, ಎಲ್ಲರೂ ತಲೆದೂಗಿ ಮನೆಗೆ ಹೋದರು. ಆಮೇಲೆ ಮಿಸ್‌ಬಾಯಿ, "ನಿಮ್ಮ ಗಡಹಿಂಗ್ಲಜದವರು ಕಾನಡೀ ಮಂದಿ ಅಲ್ಲವೇ? ದೀಪಾವಳಿ ರಜೆಗೆ ಹೋದಾಗ ಅವರಿಗೂ ಮಾಡಿಕೊಡು" ಎಂದು ಪುಸ್ತಿಕೆಯನ್ನೇ ನನ್ನ ಕೈಗಿಟ್ಟರು.

ಅಪ್ಪ ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗ ಓಡಿಸುತ್ತಿದ್ದ, ಅವ್ವ ಅಲ್ಲೇ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ನಾನು ಮಾತ್ರ ಏಳು ವರ್ಷದ ತನಕ ಗಡಹಿಂಗ್ಲಜದಲ್ಲಿ ಅವ್ವನ ತಾಯಿಯ ಹತ್ತಿರ ಬೆಳೆದೆ, ಆಮೇಲೂ ರಜೆಯೆಂದರೆ ಅಲ್ಲಿಗೇ ಓಡುತ್ತಿದ್ದೆ. ಅಜ್ಜಿಗೆ ನಾವು ಆಯಿ ಎನ್ನುತ್ತೇವೆ. ಆ ವರ್ಷ ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಿಲ ಹೊಗೆಯ ಮೇಲೆ ನಡೆಯುತ್ತಿದ್ದವು. ಕಾಗಲ ದಾಟಿದ ಮೇಲೆ ಏರು ಬಂದಲ್ಲೆಲ್ಲ ನಾವು ಇಳಿದು ಹಿಂದೆ ಹಿಂದೆ ನಡೆದೆವು. ಮಸಿ ಮೆತ್ತಿಕೊಂಡು ಮನೆ ಮುಟ್ಟಿದಾಗ ಆಯಿ ನನ್ನ ಗದ್ದ ಹಿಡಿದೆತ್ತಿ, "ಯಾರ ಮಗಳವ್ವಾ ನೀ?" ಎಂದು ಚೇಷ್ಟೆ ಮಾಡಿದಳು.

ಆ ಸೀಮೆಯಲ್ಲಿ ಊರ ಹೊರಗೆ ಓಣಿ ಕಟ್ಟಿಕೊಂಡಿದ್ದ ನಮ್ಮ ಜನರ ಹೆಣ್ಣುಮಕ್ಕಳಲ್ಲಿ ಮೊದಲು ಅಕ್ಷರ ಕಲಿತವಳು ಆಯಿ. ಬೆಳಗಾವಿಯ ಕಡೆಯ ಮಿಶನ್ ಶಾಲೆಯಲ್ಲಿ ಕನ್ನಡ ಕಲಿತು, ಗಂಡ ಸತ್ತ ಮೇಲೆ ಗಡಹಿಂಗ್ಲಜದಲ್ಲಿ ಬೈಬಲ್ ಬಾಯಿಯಾಗಿ ನಿಂತಳು. ಊರೂರು ತಿರುಗಿ ಹೆಂಗಸರಿಗೆ ವಾಕ್ಯ ಓದಿ ಹೇಳುವುದು, ಬೇನೆ ಬಿದ್ದವರ ಹತ್ತಿರ ಕೂಡುವುದು, ಕಲಿಯುವ ಮನಸ್ಸಿದ್ದವರಿಗೆ ಅಕ್ಷರ ಕಲಿಸುವುದು ಬೈಬಲ್ ಬಾಯಿಯ ಕೆಲಸ. ಮೊರದಲ್ಲಿ ಮರಳು ಹರವಿ ಅದರ ಮೇಲೆ ಬೆರಳಿನಿಂದ ತಿದ್ದಿಸುತ್ತಿದ್ದಳಂತೆ. ದೂರದ ನೇಸರಿ ಊರಿನ ತನಕ ನಡೆದೇ ಹೋಗಿ ಬರುತ್ತಿದ್ದಳು. ನನಗೆ ತಿಳುವಳಿಕೆ ಬರುವ ಹೊತ್ತಿಗೆ ಆ ಕೆಲಸ ಇರಲಿಲ್ಲ. ಯಾಕೆ ಬಿಟ್ಟಳು ಎಂದು ಅವ್ವನನ್ನು ಕೇಳಿದರೆ, "ಆ ಸುದ್ದಿ ಬ್ಯಾಡ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಇನ್ನೊಂದು ಸಂಗತಿಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ, ಆದರೆ ಕೇಳಿರಲಿಲ್ಲ. ನಮ್ಮ ಸಭೆಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಪ್ರಭುಭೋಜನ, ಅಂದರೆ ಯೇಸುವಿನ ಕಡೆಯ ಊಟದ ನೆನಪಿಗೆ ಪಾದ್ರಿಗಳು ರೊಟ್ಟಿ ಮುರಿದು, ದ್ರಾಕ್ಷಾರಸದ ಬಟ್ಟಲಿನೊಂದಿಗೆ ಹಂಚುವುದು. ಪಾದ್ರಿಗಳು ಮೇಜಿನ ಮೇಲಿನ ಬಿಳಿ ಬಟ್ಟೆ ತೆಗೆದರೆಂದರೆ ಮಕ್ಕಳು ಮತ್ತು ಸಭೆಗೆ ಸೇರುವ ಸ್ನಾನಸಂಸ್ಕಾರ ಆಗದವರು ಎದ್ದು ಹೊರಗೆ ಪಡಸಾಲೆಗೆ ಹೋಗಬೇಕು. ಆಯಿಯೂ ಎದ್ದು ನಮ್ಮೊಂದಿಗೆ ಬರುತ್ತಿದ್ದಳು. ನಮ್ಮನ್ನು ಸುಮ್ಮನೆ ಕೂಡಿಸಲು ಬರುತ್ತಾಳೆ ಎಂದೇ ನಾನು ತಿಳಿದಿದ್ದೆ. ನಾನು ದೊಡ್ಡವಳಾಗಿ ಮೇಜಿಗೆ ಸೇರಿದ ಮೇಲೂ ಅವಳು ಹಾಗೇ ಎದ್ದು ಹೋಗುತ್ತಿದ್ದಳು, ನಾನು ಆಗಲೂ ವಿಚಾರ ಮಾಡಲಿಲ್ಲ. ಬುದ್ಧಿವಂತೆಯಲ್ಲವೇ ನಾನು.

ಮರುದಿನದಿಂದ ನಕಲು ಮಾಡುವ ಕೆಲಸ ಹೂಡಿದೆವು. ನನಗೆ ಕನ್ನಡ ಮಾತು ಬರುತ್ತಿತ್ತು, ಕನ್ನಡ ಅಕ್ಷರ ಬರೆಯಲು ಬರುತ್ತಿರಲಿಲ್ಲ. ಕಲಿತಿದ್ದೆಲ್ಲ ಮರಾಠಿ ಶಾಲೆಯಲ್ಲಿ. ಹಾಗಾಗಿ ನಾನು ಹೇಳುವುದು, ಆಯಿ ಬರೆಯುವುದು. ಯುದ್ಧದ ದೆಸೆಯಿಂದ ಕಾಗದಕ್ಕೆ ಬರ. ಬೋರ್ಡಿಂಗಿನ ಹಳೆಯ ಪರೀಕ್ಷೆಯ ಹಾಳೆಗಳನ್ನು ಕೇಳಿ ತಂದಿದ್ದೆ. ಒಂದು ಮಗ್ಗುಲಲ್ಲಿ ಯಾರದೋ ತಪ್ಪು ಗಣಿತ, ಇನ್ನೊಂದು ಮಗ್ಗುಲಲ್ಲಿ ಆಯಿಯ ದುಂಡನೆಯ ಅಕ್ಷರ. ಹನ್ನೆರಡು ಪ್ರತಿ ಮಾಡಬೇಕಾಗಿತ್ತು.

ನನ್ನ ಕನ್ನಡ ಅವಳಿಗೆ ಸೇರಲಿಲ್ಲ. "ಇದು ನಿಮ್ಮ ಬೋರ್ಡಿಂಗಿನ ಮಾತು. ನಮ್ಮ ಹೆಣಮಕ್ಕಳ ಹೊಟ್ಟಿಗೆ ಹತ್ತೂದಿಲ್ಲ" ಎಂದು ಸಾಲುಸಾಲಿಗೂ ತಿದ್ದಿದಳು. ಮೊದಲನೆಯ ತಾಯಿ ಎಳೆವೆಯಲ್ಲೇ ಗುಲಾಮಳಾಗಿ ಮಾರಾಟವಾದವಳು, ಒಡೆಯರ ಅಡುಗೆಮನೆಯ ಒಲೆಯ ಬೆಳಕಿನಲ್ಲಿ ಕದ್ದು ಅಕ್ಷರ ಕಲಿತು ಕಡೆಗೆ ಮರದ ಕೆಳಗೆ ಶಾಲೆ ತೆರೆದವಳು. ಆಯಿ ಬರೆಯುತ್ತಿದ್ದ ಲೆಕ್ಕಣಿಕೆ ಎತ್ತಿ ಹಿಡಿದು ಕೇಳಿದಳು.

"ಅಲ್ಲೂ ಮಂದಿ ಬ್ಯಾರೆ ಬ್ಯಾರೆ ಕುಂಡ್ರತಾರೇನ?"

"ಹೌದಾಯಿ. ಬಿಳೇರು ಬ್ಯಾರೆ, ಕರೇರು ಬ್ಯಾರೆ. ದೇವರ ಗುಡಿಯಾಗೂ ಬ್ಯಾರೆ."

"ಬಾವಿ ನೀರು?"

ಪುಸ್ತಿಕೆಯಲ್ಲಿ ಬಾವಿಯ ಮಾತು ಇರಲಿಲ್ಲ. ಗೊತ್ತಿಲ್ಲ ಎಂದೆ. "ಕೊಟ್ಟಿರಾಕಿಲ್ಲ ಬಿಡು" ಎಂದು ಮತ್ತೆ ಬರೆಯಲು ಕೂತಳು.

ಎರಡನೆಯವಳು ಊರವರ ಬಟ್ಟೆ ಒಗೆದು ಬಾಳಿದವಳು. ನಡುವಯಸ್ಸು ದಾಟಿದ ಮೇಲೆ ದೇವರ ಮಾತು ಹೇಳಲು ಎದ್ದಳು. ಸಭೆಯ ಗಂಡಸರು ಪೀಠ ಹತ್ತಗೊಡಲಿಲ್ಲ, ಅವಳು ಹೊರಗೆ ಬಂದು ಬಂಡಿಯ ಮೇಲೆ ನಿಂತು ಹೇಳಿದಳು. ಇದಕ್ಕೆ ಆಯಿ ಹಲ್ಲಿಲ್ಲದ ಬಾಯಿ ತೆರೆದು ಮನಸಾರೆ ನಕ್ಕಳು. ಬಂಡಿಯ ಮಾತನ್ನು ಎರಡು ಸಲ ಓದಿಸಿದಳು.

ಮೂರನೆಯ ತಾಯಿ ಹತ್ತಿ ಹೊಲದ ಗುಲಾಮಳು. ಅಲ್ಲಿಯ ಆಳುಗಳು ಸಾಯುವಾಗ ಒಡೆಯರು ಪಾದ್ರಿಯನ್ನು ಕರೆಸುತ್ತಿರಲಿಲ್ಲ. ಈಕೆಯೇ ಅವರ ತಲೆ ತೊಡೆಯ ಮೇಲಿಟ್ಟುಕೊಂಡು, ಮೆಕ್ಕೆಜೋಳದ ರೊಟ್ಟಿಯ ಚೂರು ಮುರಿದು, ಪ್ರಭುವಿನ ಹೆಸರಲ್ಲಿ ಬಾಯಿಗಿಡುತ್ತಿದ್ದಳು. ನಾನು ಹೇಳುತ್ತ ಹೋದೆ. ಲೆಕ್ಕಣಿಕೆಯ ಸಪ್ಪಳ ನಿಂತಿದ್ದು ತಡವಾಗಿ ಗೊತ್ತಾಯಿತು. ಆಯಿ ಬರೆಯುತ್ತಿರಲಿಲ್ಲ.

"ಆಮ್ಯಾಲ ಆಕಿಗೆ ಏನ ಮಾಡಿದ್ರು?" ಎಂದಳು.

"ಯಾರು?"

"ಸಭಾದವರು."

"ಏನೂ ಮಾಡಲಿಲ್ಲಾಯಿ. ಹೊಗಳ್ಯಾರ. ಅದಕ್ಕ ಬರದಾರಲ್ಲ."

"ಹೊಗಳ್ಯಾರ" ಎಂದಳು ಆಯಿ ಮೆಲ್ಲಗೆ. ಕಾಗದದ ಮೇಲೆ ಶಾಯಿಯ ಒಂದು ಬೊಟ್ಟು ಬಿದ್ದು ಹರಡಿತು. ಅವಳಿಗೆ ಅದರ ಕಡೆ ಲಕ್ಷ್ಯವಿರಲಿಲ್ಲ.

ನಾನು ದಡ್ಡಿ, ಉತ್ಸಾಹದಲ್ಲಿ ಕೊನೆಯ ಪುಟ ತೆಗೆದು, ಈ ಖಾಲಿ ಸಾಲಿನಲ್ಲಿ ನಿನ್ನ ವಿಷಯವೇ ಬರೆಯಬೇಕು, ನಮ್ಮ ಸಭೆಯ ಮೊದಲ ತಾಯಿ ನೀನೇ ಎಂದೆ. ಆಯಿ ಕಾಗದಗಳನ್ನು ಒಟ್ಟು ಮಾಡಿ ಬದಿಗಿಟ್ಟಳು. "ಬ್ಯಾಡ ಬಾಳಾ. ಮೇಜಿನಿಂದ ಹೊರಗ ಹಾಕಿದಾಕಿ ಹೆಸರು ಉಪಾಸನಾದಾಗ ಓದಬಾರದು" ಎಂದಳು. ಆಮೇಲೆ, ಹನ್ನೆರಡು ವರ್ಷ ಯಾರೂ ನನ್ನ ಕಿವಿಗೆ ಹಾಕದಿದ್ದುದನ್ನು ತಾನೇ ಹೇಳಿದಳು.

ನಾನು ಐದು ವರ್ಷದವಳಿದ್ದಾಗಿನ ಮಳೆಗಾಲ. ನಮ್ಮ ಓಣಿಯಲ್ಲಿ ಒಬ್ಬ ಬಾಣಂತಿಗೆ ಜ್ವರ ಏರಿತ್ತು, ಉಳಿಯುವುದಿಲ್ಲ ಎಂದು ಎಲ್ಲರಿಗೂ ತಿಳಿದಿತ್ತು. ಅವಳು ಪ್ರಭುಭೋಜನ ಬೇಕು ಬೇಕು ಎಂದು ಹಲುಬುತ್ತಿದ್ದಳು. ಪಾದ್ರಿಗಳು ಹಿರಣ್ಯಕೇಶಿಯ ಆಚೆ ದಡದಲ್ಲಿದ್ದರು, ಹೊಳೆ ತುಂಬಿ ಹರಿಯುತ್ತಿತ್ತು, ನಾವೆ ನಿಂತಿತ್ತು. ಆಯಿ ಎರಡು ದಿನ ಕಾದಳು. ಮೂರನೆಯ ದಿನ ಜೋಳದ ರೊಟ್ಟಿ ಮುರಿದು, ಬೆಲ್ಲದ ನೀರು ಬಟ್ಟಲಲ್ಲಿ ಹಿಡಿದು, ತನಗೆ ಬಾಯಿಪಾಠವಿದ್ದ ಮಾತುಗಳನ್ನೆಲ್ಲ ಹೇಳಿ ಕೊಟ್ಟಳು. ಬಾಣಂತಿ ಸಂಜೆಗೆ ಹೋದಳು.

ಪಾದ್ರಿಯಲ್ಲದವಳು, ಅದೂ ಹೆಂಗಸು, ಪ್ರಭುಭೋಜನ ಕೊಟ್ಟಳು ಎಂದು ಸಭೆಯ ಹಿರಿಯರಾಗಿದ್ದ ಮಾಸ್ತರರು ಎದ್ದು ನಿಂತರು. ಆರು ತಿಂಗಳು ಮೇಜಿನಿಂದ ಹೊರಗೆ ಎಂದು ಭಾನುವಾರ ಎಲ್ಲರ ಮುಂದೆ ಸಾರಿದರು. ಬೈಬಲ್ ಬಾಯಿಯ ಕೆಲಸವೂ ಹೋಯಿತು.

"ಆರು ತಿಂಗಳಾ? ಹಂಗಾದ್ರ ಆ ಮಾತಿಗೆ ಹನ್ನೆರಡು ವರ್ಷ ಆತಲ್ಲಾಯಿ."

"ಆತು. ಆದ್ರ ಕರೀಲಿಲ್ಲಲ್ಲ."

ನಮ್ಮ ಸಭೆಯ ಪದ್ಧತಿ ಅದು. ಹೊರಗೆ ಇಟ್ಟವರ ಅವಧಿ ಮುಗಿದ ಮೇಲೆ ಪಾದ್ರಿಗಳೋ ಹಿರಿಯರೋ ಎಲ್ಲರ ಮುಂದೆ ಹೆಸರು ಹಿಡಿದು ಕರೆಯುತ್ತಾರೆ, ಕರೆದು ಬಲಗೈ ಕೊಡುತ್ತಾರೆ. ಬಲಗೈ ಹಿಡಿದವರು ಮೇಜಿಗೆ ಬರುತ್ತಾರೆ. ಆಯಿಯ ಆರು ತಿಂಗಳು ಮುಗಿಯುವ ಮೊದಲೇ ಆ ಪಾದ್ರಿಗಳಿಗೆ ವರ್ಗವಾಯಿತು. ಹೊಸಬರಿಗೆ ಏನೂ ಗೊತ್ತಿರಲಿಲ್ಲ. ಆಯಿ ಪ್ರತಿ ಸಲ ಬೆಳಿಗ್ಗೆ ಬಿಳಿ ಸೀರೆ ಉಟ್ಟು ಹೋಗುತ್ತಿದ್ದಳು, ಇವತ್ತು ಕರೆಯಬಹುದು ಎಂದು. ಕರೆಯದಿದ್ದಾಗ ಎದ್ದು ಪಡಸಾಲೆಗೆ ಬರುತ್ತಿದ್ದಳು.

ನನಗೆ ತಲೆ ಕೆಟ್ಟಿತು. ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಮಾಸ್ತರರ ಮನೆಗೆ ಹೋದೆ. ಅವರಿಗೆ ಎಪ್ಪತ್ತರ ಮೇಲಾಗಿತ್ತು. ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು.

"ಮಾಸ್ತರ್ರ, ನಮ್ಮಾಯಿನ್ನ ಇನ್ನೂ ಎಷ್ಟ ವರ್ಷ ಹೊರಗ ಇಡೋರಿದ್ದೀರಿ?"

ಅವರು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. "ಹೊರಗ ಯಾರ ಇಟ್ಟಾರ? ಆರು ತಿಂಗಳಷ್ಟ ಇತ್ತು ಅದು."

"ನೀವು ಕರದಿಲ್ಲಂತ ಕುಂತಾಳ ಆಕಿ."

ಮಾಸ್ತರರ ಕೈ ಮೊರದಲ್ಲೇ ಉಳಿಯಿತು. ಮೊರ ಬದಿಗೆ ಸರಿಸಿ ಹೇಳಿದರು: "ಸಿಟ್ಟಿಗೆದ್ದು ಬರವಲ್ಲಳು ಅಂದಕೊಂಡಿದ್ನಿ. ಪ್ರತೀ ಸಲ ನನ್ನ ಮುಂದ ಹಾದು ಹೊರಗ ಹೋಗತಾಳ. ನನಗ ತೋರಸಾಕ ಹೋಗತಾಳ ಅಂತ ತಿಳದಿದ್ನಿ."

ಒಂದೇ ಓಣಿ, ನಡುವೆ ಏಳೆಂಟು ಮನೆ. ಇಬ್ಬರೂ ದಿನ ಬೆಳಗಾದರೆ ಮುಖ ನೋಡುವವರು. ಆದರೂ ಹನ್ನೆರಡು ವರ್ಷ ಇವರು ಅವಳು ಬರಲಿ ಎಂದು, ಅವಳು ಇವರು ಕರೆಯಲಿ ಎಂದು ಕಾದಿದ್ದರು. ಬರುವ ಭಾನುವಾರ ಹೆಂಗಸರ ಉಪಾಸನೆ, ಅದರ ಬೆನ್ನಿಗೆ ಪ್ರಭುಭೋಜನ ಇತ್ತು, ಹಾಗಾದರೆ ಆವತ್ತೇ ಕರೆಯಿರಿ ಎಂದೆ. ಮಾಸ್ತರರು ತಲೆ ಅಲ್ಲಾಡಿಸಿದರು. ಅದು ಪಾದ್ರಿಗಳ ಕೆಲಸ, ತಾನು ಹೆಂಗಸರ ಉಪಾಸನೆಯಲ್ಲಿ ಎದ್ದು ನಿಂತು ಹಳೆಯದನ್ನು ಕೆದಕಿದರೆ ಜನ ನಗುತ್ತಾರೆ ಎಂದರು. ನಾನು ಏನು ಹೇಳಿದೆನೋ ನೆನಪಿಲ್ಲ, ಹಿರಿಯರಿಗೆ ಆಡಬಾರದ್ದನ್ನೇ ಆಡಿರಬೇಕು.

ಶನಿವಾರ ಸಂಜೆ ಪಾದ್ರಿಗಳು ಬಂದರು. ಎಳೆಯ ವಯಸ್ಸಿನವರು, ಮರಾಠಿಯವರು, ಕನ್ನಡವನ್ನು ಮುಳ್ಳಿನ ಮೇಲೆ ನಡೆದಂತೆ ಆಡುತ್ತಿದ್ದರು. ನಾನು ಎಲ್ಲ ಹೇಳಿದ ಮೇಲೆ ಸಭೆಯ ಪುಸ್ತಕ ತೆಗೆದು ನೋಡಿದರು. ಆಯಿಯನ್ನು ಹೊರಗಿಟ್ಟ ಮಾತು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. "ನನ್ನ ಪುಸ್ತಕದಾಗ ಅವರು ಹೊರಗ ಇಲ್ಲವೇ ಇಲ್ಲ. ನಾ ಏನ್ ಅಂತ ಕರೀಲಿ? ಅವರು ಸುಮ್ಮನ ಬರಲಿ" ಎಂದರು. ಒಳ್ಳೆಯ ಮನುಷ್ಯ, ಮನಸಾರೆಯೇ ಹೇಳಿದರು.

ಇದನ್ನು ಆಯಿಗೆ ಬಂದು ಹೇಳಿದೆ. ಅವಳು ನನ್ನ ತಲೆ ಸವರಿದಳು. "ಎಲ್ಲಾರ ಮುಂದ ಹೇಳಿದ್ದರವ್ವಾ. ಈಗ ಕಳ್ಳರಂಗ ನಾ ಹ್ಯಾಂಗ ಹೋಗಿ ಕುಂಡ್ರಲಿ?" ಎಂದಳು. ಅವಳು ಹಟ ಹಿಡಿದಿದ್ದಾಳೆ ಎಂದು ಆಗ ನನಗೆ ಸಿಟ್ಟೇ ಬಂತು.

ಭಾನುವಾರ ನಮ್ಮ ಸಭೆಯ ಹಂಚಿನ ಗುಡಿ ತುಂಬಿತ್ತು. ಆ ಕಡೆ ಗಂಡಸರು, ಈ ಕಡೆ ಹೆಂಗಸರು. ಮೊದಲು ಪುಸ್ತಿಕೆಯ ಚಿತ್ರ ಕೈಯಿಂದ ಕೈಗೆ ಹೋಯಿತು. "ಅಮೇರಿಕಾದಾಗ ಎಲ್ಲಾರೂ ಮಿಸ್‌ಬಾಯಿಗತೆ ಬೆಳ್ಳಗ ಇರತಾರ ಅಂದಕೊಂಡಿದ್ವಿ" ಎಂದಳು ಒಬ್ಬಳು. ಇನ್ನೊಬ್ಬಳು ಚಿತ್ರದ ಕೆನ್ನೆಯ ಮೇಲೆ ಬೆರಳಾಡಿಸಿ ಆ ಬೆರಳನ್ನು ತನ್ನ ಹಣೆಗೆ ಒತ್ತಿಕೊಂಡಳು. ನಮ್ಮಲ್ಲಿ ಚಿತ್ರಕ್ಕೆ ನಮಸ್ಕಾರ ಮಾಡಬಾರದು. ಪಾದ್ರಿಗಳು ನೋಡಿದರೂ ನೋಡದವರಂತೆ ಕಿಟಕಿಯ ಕಡೆ ತಿರುಗಿದರು.

ಮೊದಲನೆಯ ತಾಯಿಯದನ್ನು ನಾನು ಓದಿದೆ. "ಕರ್ತನೇ, ಈಕೆಗಾಗಿ ನಿನಗೆ ಸ್ತೋತ್ರ" ಎಂದರು ಎಲ್ಲರೂ, ಸ್ವಲ್ಪ ಅಂಜುತ್ತ. ಬಂಡಿಯ ಮೇಲೆ ನಿಂತವಳ ಹೊತ್ತಿಗೆ ದನಿ ಏರಿತ್ತು, ಮುಸಿಮುಸಿ ನಗುವೂ ಇತ್ತು. ಮೂರನೆಯದನ್ನು ಓದಲು ಎದ್ದವಳು ಆ ಬಾಣಂತಿಯ ಹಿರಿಮಗಳು. ಅವ್ವ ಸತ್ತಾಗ ಹತ್ತು ವರ್ಷದವಳು, ಈಗ ಎರಡು ಮಕ್ಕಳ ತಾಯಿ. ಓದು ಕಲಿಸಿದ್ದು ಆಯಿಯೇ. ಯಾರು ಯಾವುದನ್ನು ಓದಬೇಕು ಎಂದು ಹಂಚಿದವಳು ನಾನು, ಬೇಕೆಂದೇ ಹಾಗೆ ಮಾಡಿದ್ದೆ.

ಅವಳು ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಓದಿದಳು. ಹತ್ತಿ ಬಿಡಿಸಿ ಕೈಬೆರಳು ಸೀಳಿದ ಮಾತು ಬಂದಾಗ ಹೆಂಗಸರು ತಮ್ಮ ತಮ್ಮ ಬೆರಳು ನೋಡಿಕೊಂಡರು. ರೊಟ್ಟಿಯ ಮಾತಿಗೆ ಬಂದು ಅವಳು ನಿಂತಳು. ಹಾಳೆಯಲ್ಲಿ ಇಲ್ಲದ್ದನ್ನು ಹೇಳಿದಳು.

"ನಮ್ಮವ್ವಗೂ ಒಬ್ಬಾಕಿ ಹಿಂಗ ಕೊಟ್ಟಳು. ನಾ ಅಲ್ಲೇ ಬಾಗಲದಾಗ ನಿಂತಿದ್ನಿ. ನಮ್ಮವ್ವ ಉಂಡು ಸುಮ್ಮನಾದಳು, ಆಮ್ಯಾಲ ಅಳಲಿಲ್ಲ."

ಆಯಿ ಗೋಡೆಯ ಬದಿಯ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಆಮೇಲೆ ಮುದುಕಿಯೊಬ್ಬಳು ಶುರುಮಾಡಿದಳು, ಹೆಂಗಸರೆಲ್ಲ ಕೂಡಿಕೊಂಡರು: "ಕರ್ತನೇ, ಈಕೆಗಾಗಿ ನಿನಗೆ ಸ್ತೋತ್ರ." ಗಂಡಸರ ಕಡೆಯಿಂದ ಒಂದೆರಡು ದನಿ ಬಂದವು. ಮಾಸ್ತರರ ತುಟಿ ಅಲುಗಲಿಲ್ಲ. ನಾನು ಅವರನ್ನೇ ನೋಡುತ್ತಿದ್ದೆ.

ಪಾದ್ರಿಗಳು ಮೇಜಿನ ಬಿಳಿ ಬಟ್ಟೆ ತೆಗೆದರು. ಮಕ್ಕಳು ಎದ್ದರು. ಆಯಿಯೂ ಗೋಡೆ ಹಿಡಿದು ಎದ್ದಳು. ಅವಳು ಗಂಡಸರ ಸಾಲಿನ ಮುಂದೆ ಹಾದು ಬಾಗಿಲ ಹತ್ತಿರ ಹೋದಳು. ಇಷ್ಟೆಲ್ಲ ಮಾಡಿ ಅವಳ ಹುಣ್ಣನ್ನು ಕೆದಕಿದ್ದೇ ಬಂತು ಎನಿಸಿತು.

"ನಿಲ್ಲರಿ ಅಕ್ಕಾ."

ಮಾಸ್ತರರು ಕೋಲೂರಿ ಎದ್ದಿದ್ದರು. ಅವಳ ಪೂರ್ತಿ ಹೆಸರು ಹಿಡಿದು ಕರೆದರು, ಗಂಡನ ಹೆಸರು, ಊರಿನ ಹೆಸರು ಕೂಡಿಸಿ, ಪದ್ಧತಿ ಹೇಗಿತ್ತೋ ಹಾಗೆ. "ನಿಮ್ಮನ್ನ ಹೊರಗ ಹಾಕಿದಾಂವ ನಾನು. ಕರಿಯೂದು ಬಾಕಿ ಉಳದಿತ್ತು. ಎಲ್ಲಾರ ಮುಂದ ಕರಿಯಾಕತ್ತೇನಿ, ಬರ್ರಿ." ಇಷ್ಟು ಹೇಳುವಷ್ಟರಲ್ಲಿ ಅವರಿಗೆ ಉಬ್ಬಸ ಬಂತು. ಬಲಗೈ ಮುಂದೆ ಚಾಚಿದರು.

ನಮ್ಮ ಕಡೆ ಹೆಂಗಸರು ಗಂಡಸರ ಕೈ ಮುಟ್ಟುವುದಿಲ್ಲ. ಆಯಿ ಸೆರಗಿನ ತುದಿಯನ್ನು ಅಂಗೈಗೆ ಸುತ್ತಿಕೊಂಡು, ಆ ಕೈಯನ್ನು ಅವರ ಕೈಯಲ್ಲಿಟ್ಟಳು. ಆಮೇಲೆ ತಿರುಗಿ ಮೇಜಿನ ಕಡೆ ನಡೆದಳು. ಹೆಂಗಸರು ಮೊಣಕಾಲು ಸರಿಸಿ ದಾರಿ ಬಿಟ್ಟರು. ಪಾದ್ರಿಗಳು ರೊಟ್ಟಿಯ ಚೂರು ಕೊಟ್ಟಾಗ ಅವಳು ಎರಡೂ ಕೈ ಕೂಡಿಸಿ ತೆಗೆದುಕೊಂಡಳು. ನಾನು ಪಕ್ಕದಲ್ಲೇ ಮೊಣಕಾಲೂರಿದ್ದೆ.

ಮನೆಗೆ ನಡೆದು ಬರುವಾಗ ಅವಳು ನನ್ನ ಭುಜ ಹಿಡಿದಿದ್ದಳು. ನನಗೆ ಗೆದ್ದ ಸಂಭ್ರಮ, ಬಾಯಿ ಸುಮ್ಮನಿರದು. ಮಾಸ್ತರರನ್ನು ನೀನೇ ಒಂದು ಮಾತು ಕೇಳಿದ್ದರೆ ಎಂದೋ ಮುಗಿಯುತ್ತಿತ್ತಲ್ಲ, ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ, ನಿನಗೇನೂ ಅನಿಸಲಿಲ್ಲವೇ ಎಂದು ಕೇಳಿದೆ. ಆಯಿ ನಡುದಾರಿಯಲ್ಲೇ ನಿಂತಳು. ಅವಳು ಅಳುತ್ತಿರುವುದನ್ನು ಆಗ ನೋಡಿದೆ, ಅದಕ್ಕೆ ಮೊದಲು ಎಂದೂ ನೋಡಿರಲಿಲ್ಲ.

"ಭಾಳ ಹಸದಿದ್ನೆವ್ವಾ" ಎಂದಳು.

ಅವಳೊಂದಿಗೆ ಒಂದೇ ತಾಟಿನಲ್ಲಿ ಉಂಡು ಬೆಳೆದವಳು ನಾನು. ನನಗೆ ಅದು ಗೊತ್ತೇ ಆಗಿರಲಿಲ್ಲ.